ಬಲೆ ಹಿಡಿಯಬೇಕಾಗಿದ್ದವನು

ಶಕುನ, ಸೂಚನೆ, ಸತ್ತವರು ಕಾಣಿಸಿಕೊಂಡರು ಎಂಬ ಮಾತುಗಳು ಬಂದರೆ ಎದ್ದು ಹೋಗುತ್ತಿದ್ದವನು ನಾನು. ದಾವಣಗೆರೆಯಲ್ಲಿದ್ದಾಗ ಅಮ್ಮಿ ದರ್ಗಾದಿಂದ ತಂದು ಕಟ್ಟಿದ್ದ ತಾಯಿತವನ್ನು ಹಾಸ್ಟೆಲ್ ಸೇರಿದ ದಿನವೇ ಬಿಚ್ಚಿ ಟ್ರಂಕಿನ ತಳಕ್ಕೆ ಹಾಕಿದ್ದೆ. ನನ್ನ ಕೆಲಸವೂ ಅಂಥದ್ದೇ. ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನಲ್ಲಿ ಉಕ್ಕಿನ ಉಪಕರಣಗಳ ಅಳತೆ ನೋಡುವುದು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬೇಡ ಎಂದು ಪಕ್ಕಕ್ಕಿಡುವುದು. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂಬ ಜಂಬ ಆಗ ನನಗಿತ್ತು. ಈಗ ಹೇಳುವುದನ್ನು ನಂಬಿ ಎಂದು ನಾನು ಕೇಳುವುದಿಲ್ಲ, ಏಕೆಂದರೆ ನಾನೇ ಪೂರ್ತಿ ನಂಬಿಲ್ಲ. ಆದರೆ ಇದರಲ್ಲಿ ಒಂದು ಸುಳ್ಳಿದೆ. ಅದು ನಾನು ಹೇಳಿದ್ದು, ಅದರಲ್ಲಿ ಮಾತ್ರ ಯಾವ ಅನುಮಾನವೂ ಇಲ್ಲ.

ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು. ನನ್ನ ಜೊತೆ ಕೆಲಸ ಮಾಡುತ್ತಿದ್ದ ರಘು ಕುಂದಾಪುರ ಕಡೆಯ ಗಂಗೊಳ್ಳಿಯವನು. ಮೀನುಗಾರರ ಮನೆಯ ಹುಡುಗ. ನಾಲ್ಕು ಜನ ಕನ್ನಡಿಗರು ಸೇರಿದಲ್ಲಿ ಬೆಂಗಳೂರಿನ ಕನ್ನಡ ಆಡುತ್ತಿದ್ದ, ನೀರಿಗಿಳಿದರೆ, ಇಲ್ಲ ಮನಸ್ಸು ಕರಗಿದರೆ, ಅವನ ಊರಿನ ರಾಗ ತಾನಾಗಿ ಬಂದುಬಿಡುತ್ತಿತ್ತು. ನಮ್ಮಿಬ್ಬರಿಗೂ ಸಾಲ್ಮನ್ ಮೀನಿನ ಹುಚ್ಚು ಹಿಡಿಸಿದವರು ಬೆಂಗ್ಟ್ ಎಂಬ ಹಿರಿಯರು. ನಮ್ಮ ಕಾರ್ಖಾನೆಯಿಂದಲೇ ನಿವೃತ್ತರಾದವರು. ರಘು ಅವರನ್ನು ‘ಅಜ್ಜ’ ಎಂದು ಕರೆಯುತ್ತಿದ್ದ. ಅದರ ಅರ್ಥ ತಿಳಿದ ಮೇಲೆ ಅವರೂ ಫೋನು ಮಾಡಿದಾಗ ‘ಅಜ್ಜ’ ಎಂದೇ ಶುರುಮಾಡುತ್ತಿದ್ದರು. ಸ್ಯಾಂಡ್‌ವಿಕೆನ್‌ನಿಂದ ಮುಕ್ಕಾಲು ಗಂಟೆ ಕಾರಿನಲ್ಲಿ ಹೋದರೆ ಬೋತ್ನಿಯಾ ಕೊಲ್ಲಿ. ಅಲ್ಲೊಂದು ಪುಟ್ಟ ಬಂದರಿನಲ್ಲಿ ಅವರ ದೋಣಿ ಇರುತ್ತಿತ್ತು. ಮುಂದೆ ಸಣ್ಣ ಕ್ಯಾಬಿನ್, ಹಿಂದೆ ಮೂರು ಜನ ನಿಲ್ಲುವಷ್ಟು ಜಾಗ.

ಈ ಮೀನುಗಾರಿಕೆಯ ರೀತಿಯನ್ನು ಸ್ವಲ್ಪ ಹೇಳಬೇಕು. ದೋಣಿಯ ಎರಡೂ ಬದಿಗೆ ಏಳೆಂಟು ಗಾಳದ ಕೋಲುಗಳನ್ನು ಸಿಕ್ಕಿಸಿ, ದಾರಗಳನ್ನು ದೂರ ದೂರ ಹರಡಿ, ನಡಿಗೆಯ ವೇಗದಲ್ಲಿ ದೋಣಿ ಓಡಿಸುತ್ತಲೇ ಇರಬೇಕು. ಮೀನು ಬಿದ್ದಿತೆಂದು ನಿಲ್ಲಿಸಿದರೆ ದಾರಗಳೆಲ್ಲ ಸಿಕ್ಕುಸಿಕ್ಕಾಗುತ್ತವೆ. ಅದಕ್ಕೆ ಬೆಂಗ್ಟ್ ಒಂದು ಕಟ್ಟುನಿಟ್ಟು ಮಾಡಿದ್ದರು. ಒಬ್ಬ ಸ್ಟಿಯರಿಂಗ್ ಬಿಡಬಾರದು, ಒಬ್ಬ ಕೋಲು ಬಿಡಬಾರದು, ಮೂರನೆಯವನು ಉದ್ದ ಹಿಡಿಯ ಬಲೆ ಹಿಡಿದು ಮೀನನ್ನು ಎತ್ತಬೇಕು. ಅಜ್ಜನದು ಸ್ಟಿಯರಿಂಗ್, ರಘುವಿನದು ಕೋಲು, ಬಲೆ ನನ್ನದು. ಜೊತೆಗೆ ಇನ್ನೊಂದು ಕೆಲಸವೂ ನನ್ನ ಪಾಲಿಗಿತ್ತು: ರಘುವಿಗೆ ಲೈಫ್ ಜಾಕೆಟ್ ಹಾಕಿಸುವುದು.

“ಸಾಹೇಬ್ರೆ, ನಮ್ಮಪ್ಪ ನಲವತ್ತು ವರ್ಷ ಬನಿಯನ್ನಲ್ಲೇ ಸಮುದ್ರಕ್ಕೆ ಹೋಗಿ ಬನಿಯನ್ನಲ್ಲೇ ವಾಪಸ್ ಬಂದ್ರು,” ಎನ್ನುತ್ತಿದ್ದ.

“ಇದು ನಿಮ್ಮಪ್ಪನ ಸಮುದ್ರ ಅಲ್ಲ ಕಣೋ. ಹಾಕ್ಕೋ ಸುಮ್ನೆ,” ಎಂದು ನಾನು ಬಕಲ್ ಬಿಗಿಯುತ್ತಿದ್ದೆ.

ಮೇ ತಿಂಗಳ ಒಂದು ಶನಿವಾರ ಹೊರಟೆವು. ಹೊರಡುವ ಮುಂಚೆ ಕ್ಯಾಬಿನ್ನಿನ ಪಕ್ಕದ ಗಾಜು ಬಿರುಕು ಬಿಟ್ಟಿದ್ದು ಕಂಡು, ಅದಕ್ಕೆ ನೀಲಿ ಟೇಪನ್ನು ಮೂರು ಪಟ್ಟಿ ಮಾಡಿ ನಾನೇ ಅಂಟಿಸಿದೆ. ಬೆಳಗ್ಗೆ ಹತ್ತರ ಹೊತ್ತಿಗೆ ಮಂಜು ಬಂತು. ತಣ್ಣೀರಿನ ಮೇಲೆ ಬೆಚ್ಚನೆ ಗಾಳಿ ಬಂದರೆ ಅಲ್ಲಿ ಹೀಗಾಗುತ್ತದೆ, ವಿಶೇಷವೇನಲ್ಲ. ಬೆಂಗ್ಟ್ ರಾಡಾರ್ ಪರದೆಯನ್ನೇ ನೋಡುತ್ತ ನಿಧಾನವಾಗಿ ಓಡಿಸುತ್ತಿದ್ದರು. ಒಂದು ಮೀನೂ ಬಿದ್ದಿರಲಿಲ್ಲ. ನಾನೂ ರಘುವೂ ಹಿಂದೆ ನಿಂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದೆವು.

ಆಗ ನಮ್ಮ ಬಲಕ್ಕೆ ಇನ್ನೊಂದು ದೋಣಿ ಕಂಡಿತು. ರಸ್ತೆಯ ಈಚೆ ಬದಿಯಿಂದ ಆಚೆ ಬದಿಯಷ್ಟು ದೂರ. ನಮ್ಮ ದಿಕ್ಕಿಗೇ, ನಮ್ಮ ವೇಗದಲ್ಲೇ ಹೋಗುತ್ತಿತ್ತು. ಎಂಜಿನ್ ಸದ್ದು ಕೇಳಲಿಲ್ಲ. ನಮ್ಮ ಎಂಜಿನ್ನಿನ ಸದ್ದಿನಲ್ಲಿ ಅದು ಮುಚ್ಚಿಹೋಗಿದ್ದರೂ ಇರಬಹುದು. ಕ್ಯಾಬಿನ್ನಿನಲ್ಲಿ ಒಬ್ಬರು ಕೂತಿದ್ದರು. ಹಿಂದೆ ಹಳದಿ ಮಳೆಕೋಟಿನವನೊಬ್ಬ ನಮಗೆ ಬೆನ್ನು ಮಾಡಿ ನಿಂತಿದ್ದ. ಎಡಗೈಯಲ್ಲಿ ಬಾಗಿದ ಕೋಲು, ಬಲಗೈಯಲ್ಲಿ ಬಲೆ. ನೀರಿನ ಕಡೆ ಬಗ್ಗಿದ್ದವನು ನಮ್ಮತ್ತ ತಿರುಗದೆಯೇ ಬಲೆಯ ಸಮೇತ ಬಲಗೈ ಮೇಲೆತ್ತಿದ.

ಸಮುದ್ರದಲ್ಲಿ ಎದುರಾದ ದೋಣಿಯವರಿಗೆ ಕೈಯೆತ್ತುವುದು ಅಲ್ಲಿನ ಪದ್ಧತಿ. ರಘುವೂ ಕೈಯೆತ್ತಿದ.

“ಇಬ್ರೇ ಇದ್ದಾರಲ್ಲ ಮಾರಾಯ. ಬಲೆ ಹಿಡಿಯುದು ಯಾರು?” ಎಂದ.

ನನ್ನ ಕಣ್ಣು ಬೇರೆಡೆ ಇತ್ತು. ಆ ದೋಣಿಯ ಗಾಜಿನ ಮೇಲೆ ನೀಲಿ ಟೇಪಿನ ಮೂರು ಪಟ್ಟಿ ಕಂಡಿದ್ದವು. ಕೆಳಗಿನ ಪಟ್ಟಿಯ ಒಂದು ತುದಿ ಕಿತ್ತು ಗಾಳಿಗೆ ಪಟಪಟ ಆಡುತ್ತಿತ್ತು. ಹಳದಿ ಕೋಟಿನವನ ನಿಲುವು, ಎಡಭುಜ ಸ್ವಲ್ಪ ತಗ್ಗಿಸಿ ನಿಲ್ಲುವ ಆ ರೀತಿ, ನಾನು ಮೂರು ವರ್ಷದಿಂದ ರಘುವಿನ ಹಿಂದೆ ನಿಂತು ನೋಡಿದ್ದು. ಪಕ್ಕದಲ್ಲಿದ್ದ ರಘುವಿಗೇ ಗುರುತು ಹತ್ತಲಿಲ್ಲ, ನಿಜ. ತನ್ನ ಬೆನ್ನನ್ನು ಯಾರು ನೋಡಿಕೊಂಡಿರುತ್ತಾರೆ? ಮಂಜು ಮುಚ್ಚಿತು, ದೋಣಿ ಹೋಯಿತು. ಬೆಂಗ್ಟ್‌ಗೆ ಕೂಗಿ ಕೇಳಿದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, ಹತ್ತಿರದಲ್ಲಿ ಯಾವ ದೋಣಿಯೂ ಇಲ್ಲ ಎಂದರು. ನಮ್ಮ ಗಾಜಿನ ಟೇಪನ್ನು ಹೋಗಿ ಮುಟ್ಟಿ ನೋಡಿದೆ. ಮೂರೂ ಪಟ್ಟಿ ಗಟ್ಟಿಯಾಗಿ ಅಂಟಿಕೊಂಡಿದ್ದವು.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ರಘು ಕಾರ್ಖಾನೆಯ ತುಂಬ ನಗಾಡಿಸುತ್ತಾನೆಂಬ ಅಳುಕಿತ್ತು. ಅದಕ್ಕಿಂತ ದೊಡ್ಡ ಕಾರಣ ಬೇರೆ. ಮಂಜಿನಲ್ಲಿ ಕಂಡ ಆ ನಮ್ಮದೇ ದೋಣಿಯಲ್ಲಿ ಇಬ್ಬರೇ ಇದ್ದರು, ಅಂದರೆ ಇಲ್ಲದವನು, ಸಾಯಲಿರುವವನು ನಾನು. ನಾಲ್ಕು ದಿನ ನಿದ್ದೆ ಬರಲಿಲ್ಲ. ಹೆಂಡತಿ ಮಲಗಿದ ಮೇಲೆ ಇನ್ಶೂರೆನ್ಸ್ ಕಾಗದಗಳನ್ನು ತೆಗೆದು ಓದಿದೆ. ನಂಬದವನಿಗೆ ಎಷ್ಟು ಹೆದರಿಕೆಯಾಗಬಹುದು ಎಂಬುದು ಆಗ ಗೊತ್ತಾಯಿತು.

ಮುಂದಿನ ಶುಕ್ರವಾರ ಮತ್ತೆ ಮೀನಿಗೆ ಹೋಗಲೆಂದು ನಾನೂ ರಘುವೂ ರಜೆ ಹಾಕಿದ್ದೆವು. ಗುರುವಾರ ಸಂಜೆ ರಘುವಿಗೆ ಫೋನು ಮಾಡಿ, ಮಗಳು ಸನಾಳಿಗೆ ಜ್ವರ, ಡಾಗಿಸ್‌ನಿಂದ ಕರೆದುಕೊಂಡು ಹೋಗಿ ಎಂದು ಫೋನು ಬಂತು, ನಾಳೆ ಬರಲಾಗದು ಎಂದೆ. ಡಾಗಿಸ್ ಎಂದರೆ ಮಗುವಿನ ಶಿಶುವಿಹಾರ. ಆ ದೇಶದಲ್ಲಿ ಮಗುವಿಗೆ ಹುಷಾರಿಲ್ಲ ಎಂದರೆ ಎರಡನೇ ಪ್ರಶ್ನೆ ಕೇಳುವವರಿಲ್ಲ. ಮ್ಯಾನೇಜರೂ ಕೇಳುವುದಿಲ್ಲ, ಗೆಳೆಯನೂ ಕೇಳುವುದಿಲ್ಲ. ಅದು ಗೊತ್ತಿದ್ದೇ ಆ ಸುಳ್ಳನ್ನು ಆರಿಸಿಕೊಂಡಿದ್ದೆ.

“ಅಯ್ಯೋ, ಮೊದ್ಲು ಮಗು ನೋಡ್ಕೊ ಮಾರಾಯ. ಮೀನು ಎಲ್ಲಿಗೂ ಓಡಿ ಹೋಗುದಿಲ್ಲ,” ಎಂದ ರಘು. “ನಾನೂ ಅಜ್ಜನೂ ಮ್ಯಾನೇಜ್ ಮಾಡ್ತೇವೆ.”

ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಬದುಕಿದೆ ಎಂಬ ನಿರಾಳದಲ್ಲಿದ್ದೆ. ಶುಕ್ರವಾರ ಸುಳ್ಳು ಬಯಲಾಗದಿರಲೆಂದು ಸನಾಳನ್ನು ಡಾಗಿಸ್‌ಗೆ ಕಳಿಸದೆ ಮನೆಯಲ್ಲೇ ಇಟ್ಟುಕೊಂಡೆ. ಇದ್ದಕ್ಕಿದ್ದಂತೆ ರಜೆ ಸಿಕ್ಕಿತೆಂದು ಅವಳು ಸೋಫಾದಿಂದ ಸೋಫಾಕ್ಕೆ ಕುಣಿಯುತ್ತಿದ್ದಳು. ನಾನು ಅವಳಿಗೆ ಪ್ಯಾನ್‌ಕೇಕ್ ಹುಯ್ಯುತ್ತಿದ್ದಾಗ ಬೆಂಗ್ಟ್ ಫೋನು ಬಂತು. ಅವತ್ತು ಅವರು ‘ಅಜ್ಜ’ ಎಂದು ಶುರುಮಾಡಲಿಲ್ಲ.

ದೊಡ್ಡ ಮೀನು ಬಿದ್ದಿತ್ತಂತೆ. ಬೆಂಗ್ಟ್ ಕ್ಯಾಬಿನ್ನಿನಲ್ಲಿ ಮುಂದೆ ನೋಡುತ್ತ ದೋಣಿ ನಡೆಸುತ್ತಿದ್ದರು. ರಘು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಲೆ ಹಿಡಿದು ಬಗ್ಗಿದ್ದಾನೆ. ಜಾರಿ ನೀರಿಗೆ ಬಿದ್ದದ್ದನ್ನು ಯಾರೂ ನೋಡಲಿಲ್ಲ, ಎಂಜಿನ್ ಸದ್ದಿನಲ್ಲಿ ಕೂಗಿದ್ದೂ ಕೇಳಿಸಲಿಲ್ಲ. ಅವರು ತಿರುಗಿ ನೋಡುವ ಹೊತ್ತಿಗೆ ದೋಣಿ ಬಹಳ ಮುಂದೆ ಬಂದಿತ್ತು. ಮೇ ತಿಂಗಳಲ್ಲೂ ಆ ನೀರು ಫ್ರಿಜ್ಜಿನ ನೀರಿನಷ್ಟೇ ತಣ್ಣಗಿರುತ್ತದೆ. ಕರಾವಳಿ ಕಾವಲಿನವರು ಎರಡು ಗಂಟೆಯ ಮೇಲೆ ಅವನನ್ನು ಎತ್ತಿದರು. ಲೈಫ್ ಜಾಕೆಟ್ ಕ್ಯಾಬಿನ್ನಿನ ಕೊಕ್ಕೆಯಲ್ಲೇ ನೇತಾಡುತ್ತಿತ್ತು.

ಸಂಜೆ ಬಂದರಿಗೆ ಹೋದೆ. ದೋಣಿಯನ್ನು ಕಟ್ಟಿ ನಿಲ್ಲಿಸಿದ್ದರು. ಗಾಜಿನ ಮೇಲೆ ಟೇಪಿನ ಕೆಳಗಿನ ಪಟ್ಟಿ ಒಂದು ತುದಿ ಕಿತ್ತು ಪಟಪಟ ಅನ್ನುತ್ತಿತ್ತು. ನೀರು ತಗುಲಿದರೆ ಯಾವ ಟೇಪಾದರೂ ಕೀಳುತ್ತದೆ, ಗೊತ್ತು. ಮಂಜಿನಲ್ಲಿ ನಾನು ಕಂಡದ್ದಕ್ಕೆ ಆ ಕಿತ್ತ ತುದಿಯನ್ನು ನನ್ನ ನೆನಪೇ ಆಮೇಲೆ ಸೇರಿಸಿರಬಹುದು, ಅದೂ ಗೊತ್ತು. ಅಂಥ ದೋಣಿಗಳು ಆ ಕರಾವಳಿಯಲ್ಲಿ ಬೇಕಾದಷ್ಟಿವೆ.

ಮೂರನೆಯ ದಿನ ಹೆಂಡತಿ ಮಗಳನ್ನು ಕರೆದುಕೊಂಡು ರಘುವಿನ ಮನೆಗೆ ಹೋದೆ. ಅವನ ಹೆಂಡತಿ ಸುಮಾ ಗೋಡೆಗೊರಗಿ ಕೂತಿದ್ದಳು. ಅಷ್ಟು ದುಃಖದಲ್ಲೂ ಸನಾಳನ್ನು ಹತ್ತಿರ ಕರೆದು ಹಣೆ ಮುಟ್ಟಿದಳು.

“ಜ್ವರ ಬಿಡ್ತಾ ಪುಟ್ಟಿ? ನಿನ್ ಮಾಮ ಹೋಗೋ ಮುಂಚೆನೂ ನಿನ್ನೇ ಕೇಳ್ತಾ ಇದ್ರು.”

ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ಕೇಳಿದರೂ ಸ್ವೀಡಿಷ್‌ನಲ್ಲೇ ಉತ್ತರ ಕೊಡುತ್ತವೆ. ನನಗೆ ಹುಷಾರು ತಪ್ಪೇ ಇರಲಿಲ್ಲ, ಅಪ್ಪ ಮನೆಯಲ್ಲಿ ಪ್ಯಾನ್‌ಕೇಕ್ ಮಾಡಿಕೊಟ್ಟರು ಎಂದು ಸನಾ ಖುಷಿಯಿಂದ ಹೇಳಿದಳು. ಸುಮಾಗೆ ಸ್ವೀಡಿಷ್ ಚೆನ್ನಾಗಿ ಬರುತ್ತದೆ. ಮಗುವಿನ ಹಣೆಯ ಮೇಲಿದ್ದ ಕೈಯನ್ನು ತೆಗೆಯದೆ ತಲೆಯೆತ್ತಿ ನನ್ನನ್ನು ನೋಡಿದಳು. ಈಗ ಅಣ್ಣನ ಮನೆಯ ಹತ್ತಿರ ಇರಲೆಂದು ಸೊಲ್ಲೆಂಟುನಾ ಎಂಬ ಊರಿಗೆ ಹೋಗಿದ್ದಾಳೆ. ಪ್ರತಿ ಈದ್‌ಗೆ ತಪ್ಪದೆ ಫೋನು ಮಾಡುತ್ತಾಳೆ, ಆ ಜ್ವರದ ಮಾತನ್ನು ಇವತ್ತಿಗೂ ಕೇಳಿಲ್ಲ.

ನಾನು ಕಂಡದ್ದು ಏನು? ಹೆದರಿ ಹಿಂದುಳಿದಿದ್ದಕ್ಕೇ ಆ ದೋಣಿಯಲ್ಲಿ ಇಬ್ಬರಾದರು. ಹಾಗಾದರೆ ಅದು ಎಚ್ಚರಿಕೆಯೋ, ಇಲ್ಲ ನನ್ನ ಹೇಡಿತನವನ್ನು ಒಂದು ವಾರ ಮೊದಲೇ ನನಗೆ ತೋರಿಸಿದ್ದೋ? ಅದು ಬೇರೆ ಯಾರದೋ ದೋಣಿಯಾಗಿದ್ದರೆ ನಾನು ಬರೀ ಭ್ರಮೆಗೆ ಗೆಳೆಯನನ್ನು ಕೊಟ್ಟೆ. ನಮ್ಮದೇ ಆಗಿದ್ದರೆ, ಕೈಯೆತ್ತಿದವನನ್ನು ನೋಡಿಯೂ ಬಿಟ್ಟೆ. ಎಷ್ಟು ಯೋಚಿಸಿದರೂ ಎರಡರಲ್ಲಿ ಯಾವುದೆಂದು ತಿಳಿದಿಲ್ಲ. ದೋಣಿಯಲ್ಲಿ ಇಬ್ಬರನ್ನು ಕಂಡು, ಇಲ್ಲದ ಮೂರನೆಯವನ ಬಗ್ಗೆಯೇ ಯೋಚಿಸಿದೆ ಎಂಬುದಷ್ಟೇ ತಿಳಿದಿದೆ. ಬೇಕಾದ ಪ್ರಶ್ನೆಯನ್ನು ರಘು ಆಗಲೇ ಕೇಳಿದ್ದ, ನನ್ನ ಪಕ್ಕದಲ್ಲೇ ನಿಂತು, ಕಾಫಿ ಲೋಟ ಹಿಡಿದುಕೊಂಡು: ಇಬ್ಬರೇ ಇದ್ದಾರಲ್ಲ, ಬಲೆ ಹಿಡಿಯುದು ಯಾರು?