ನನ್ನ ಹೆಸರಿನ ಟ್ಯೂಬು, ಹಮೀದನ ಎಂಜಲು

ಉಗುಳಲು ಹೆದರುವ ಗಂಡಸನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಈ ಅಂಕಣದ ಮೇಲಿರುವ ಫೋಟೋ ನೋಡಿ.

ಹೆದರಿಕೆಗೆ ಕಾರಣ ಇತ್ತು. ನನ್ನ ತಮ್ಮ ಇಲ್ಲೇ ಬಹ್ರೈನಿನ ಸಿತ್ರಾದಲ್ಲಿ ಕಂಪನಿ ಬಸ್ಸು ಹತ್ತುವಾಗಲೇ ಎದೆ ಹಿಡಿದುಕೊಂಡು ಕುಸಿದ. ಹೋಗಿಯೇಬಿಟ್ಟ. ಅಕ್ಕನ ಮಗಳು ಲವೀನಾ ಇಲ್ಲಿನ ಒಂದು ಲ್ಯಾಬ್‌ನಲ್ಲಿ ಜೀನ್ ಪರೀಕ್ಷೆ ಮಾಡುವ ವಿಜ್ಞಾನಿ. (ನಾನು ಹೈಸ್ಕೂಲಿಗೇ ಕೈಮುಗಿದವನು. ವಂಶದಲ್ಲಿ ಹರಿದು ಬರುವ ಕಾಯಿಲೆಯನ್ನು ಅವಳು ಮೊದಲೇ ಹೇಳುತ್ತಾಳೆ ಎಂಬಷ್ಟೇ ಗೊತ್ತು.) ತಮ್ಮನ ಹೃದಯದ ದೋಷ ನಮಗೂ ಇದೆಯೇ ನೋಡಲು ನನಗೂ ನನ್ನ ಮಗನಿಗೂ ಒಂದೊಂದು ಟ್ಯೂಬ್ ಕೊಟ್ಟು, ಉಗುಳಿ ಕೊಡಿ ಎಂದಳು.

ಮಗ ಕೊಟ್ಟ. ನಾನು ಟ್ಯೂಬನ್ನು ಜೇಬಿಗಿಳಿಸಿ ಬುಸೈತೀನ್‌ನಲ್ಲಿರುವ ಗೆಳೆಯ ಹಮೀದನ ಅಂಗಡಿಗೆ ಹೋದೆ.

"ಉಗುಳಲಿಕ್ಕೆ ಎಂಥ ಹೆದರಿಕೆ ಮಾರಾಯ!" ಅವನು ನಕ್ಕ.

"ನನ್ನ ಬದಲು ನೀನು ಉಗುಳು."

"ನನಗೇ ಏನಾದ್ರೂ ಉಂಟು ಅಂತ ಬಂದ್ರೆ?"

"ನೀನು ಕಲ್ಲಿನ ಹಾಗಿದ್ದಿ, ಬಿಡು."

ತಮಾಷೆ ಅಂದುಕೊಂಡೇ ಉಗುಳಿದ. ಟ್ಯೂಬಿನ ಮೇಲೆ ನಾನು ನನ್ನ ಹೆಸರು ಬರೆದು ಲವೀನಾಳಿಗೆ ಕೊಟ್ಟೆ.

ಕಳೆದ ವಾರ ಲವೀನಾ ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲ್ಯಾಟ್‌ಗೆ ಬಂದಳು. ಕಣ್ಣು ಕೆಂಪಾಗಿತ್ತು. ನನ್ನನ್ನು ಬಾಲ್ಕನಿಗೆ ಕರೆದು ಬಾಗಿಲೆಳೆದಳು. ಒಳಗೆ ಹೆಂಡತಿ ಮೀನು ಹುರಿಯುತ್ತಿದ್ದಳು.

"ಮಾಮಾ, ನಮ್ಮ ಲ್ಯಾಬ್‌ನಲ್ಲಿ ಟ್ಯೂಬ್ ಅದಲುಬದಲಾಗಿದೆ. ನಿಮ್ಮದೂ ಮಗನದೂ ಅಪ್ಪ-ಮಗನ ಹಾಗೆ ತಾಳೆ ಆಗ್ತಾ ಇಲ್ಲ."

ಬೆವರಿದೆ. (ಬಹ್ರೈನಿನ ಸೆಕೆಗಲ್ಲ.)

"ಆ ದಿನದ ರಿಪೋರ್ಟ್ ಎಲ್ಲ ನಿಲ್ಲಿಸಿದ್ದೇನೆ. ಪಾಪ, ಒಬ್ಬರು ಹೆಂಗಸು ಆಪರೇಷನ್‌ಗೆ ಕಾಯ್ತಾ ಇದ್ದಾರೆ. ನಾಳೆ ಬಾಸ್ ಹತ್ರ ನನ್ನ ತಪ್ಪು ಅಂತ ಒಪ್ಪಿಕೊಳ್ತೇನೆ. ಕೆಲಸ ಉಳಿದ್ರೆ ಉಳೀತು."

"ಬೇರೆ ಏನಾದ್ರೂ ಕಾರಣ ಇರಬಹುದಲ್ಲ?"

ಅವಳ ಕಣ್ಣು ಅಡುಗೆಮನೆಯ ಕಡೆ ಹೋಗಿ ತಟ್ಟನೆ ವಾಪಸು ಬಂತು. "ಛೆ! ಮಾಮಿ ಬಗ್ಗೆ ಹಾಗೆ ಯೋಚಿಸುವುದೂ ಇಲ್ಲ ನಾನು. ತಪ್ಪು ಲ್ಯಾಬಿನದ್ದೇ."

ನನ್ನ ಪುಕ್ಕಲುತನ ಹೆಂಡತಿಯ ಮಾನಕ್ಕೂ ಈ ಹುಡುಗಿಯ ಅನ್ನಕ್ಕೂ ಕೈಹಾಕಿತ್ತು. ಆಗಲಾದರೂ ಬಾಯಿ ಬಿಟ್ಟೆನೇ? ಇಲ್ಲ. ಅವಳು ಚಪ್ಪಲಿ ಮೆಟ್ಟಿ ಲಿಫ್ಟಿನ ಗುಂಡಿ ಒತ್ತಿದ ಮೇಲೆ ಓಡಿಹೋಗಿ ಎಲ್ಲ ಹೇಳಿದೆ.

ಬೈಯಲಿಲ್ಲ. ಗೋಡೆಗೊರಗಿ ಅತ್ತಳು. ಆಮೇಲೆ ಕಣ್ಣೊರೆಸಿ, "ಹಮೀದ್ ಅಂಕಲ್‌ನ ಒಪ್ಪಿಗೆ ಕೇಳಿ, ಅವರ ಎಂಜಲು ಇನ್ನೊಮ್ಮೆ ತೆಗೆದು ಪರೀಕ್ಷೆ ಮಾಡಿಯೇ ನಂಬುವುದು. ನಿಮ್ಮ ಮಾತು ಮಾತ್ರ ಸಾಲದು ಮಾಮಾ" ಎಂದಳು.

ಪರೀಕ್ಷೆಯಾಯಿತು. ಟ್ಯೂಬು ಹಮೀದನದೇ. ಕಾಯುತ್ತಿದ್ದ ಹೆಂಗಸಿನ ರಿಪೋರ್ಟ್ ತಡವಾಗಿಯಾದರೂ ಹೋಯಿತು. ವಿಷಯ ತಿಳಿದ ಹೆಂಡತಿ, "ಉಗುಳಲಿಕ್ಕೂ ನಿಮಗೆ ಆಳು ಬೇಕಾ?" ಅಂದಳು. ಮತ್ತೆ ಈವರೆಗೆ ಮಾತಿಲ್ಲ.

ಮೊನ್ನೆ ನಾನೇ ಲ್ಯಾಬಿಗೆ ಹೋದೆ. ಲವೀನಾ ಗ್ಲೌಸ್ ಹಾಕಿ ಹೊಸ ಟ್ಯೂಬ್ ಹಿಡಿದು ಎದುರು ನಿಂತಳು.

"ನಿಮ್ಮ ಹೆಸರು ಹೇಳಿ."

"ನಾನು ನಿನ್ನ ಮಾಮ ಅಲ್ವಾ?"

"ಹೆಸರು."

ತಪ್ಪಾದಾಗ ಮೊದಲು ತಮ್ಮ ಕೈಯನ್ನೇ ಅನುಮಾನಿಸುವವರ ಮುಂದೆ, ಹೇಳಿ, ನನ್ನಂಥವನು ಯಾವ ಮುಖ ಇಟ್ಟುಕೊಂಡು ಹೆಸರು ಹೇಳಬೇಕು?