ಅವರಪ್ಪ ಹಾಕಿದ ಗಂಟು

ಮಂದಿ ಮೊದಲ ನನ್ನ ಮಗಳ ಕೊಳ್ಳ ನೋಡ್ತಾರ, ಆಮ್ಯಾಲ ನನ್ನ ಮಾರಿ ನೋಡ್ತಾರ. ಕಿರಿಸ್ತಾಂವನ ಮಗಳ ಕೊಳ್ಳಾಗ ಲಿಂಗಾ! ಕೆಲವ್ರು ನಗ್ತಾರ, ಕೆಲವ್ರು ಉಗುಳ್ತಾರ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯಾಕತ್ತೈತಿ. ಅದಕ್ಕ ಒಂದ ಸಲ ಬರದ ಬಿಡ್ತೇನಿ. ನಾ ಸಾಲಿ ಕಲ್ತದ್ದು ಮೂರನೇ ಇಯತ್ತೆ ಮಟಾ. ಚಂದ ಮಾಡಿ ಬರಿಯಾಕ ಬರೂದಿಲ್ಲ. ಬಂದಿದ್ರೂ ಬರೀತಿರಲಿಲ್ಲ.

ಗೋಕಾಕ ಬಾಜೂ ನೂಲಿನ ಗಿರಣ್ಯಾಗ ನಂದು ಕೆಲಸ. ನಮ್ಮ ಮಂದಿ ಚಪ್ಪಲಿ ಹೊಲಿಯೂ ಮಂದಿ. ನಮ್ಮಪ್ಪ ಕಿರಿಸ್ತಾಂವ ಆದ, ನಾ ಹುಟ್ಟಿದ್ದ ಅದರಾಗ. ನಮ್ಮ ಓಣಿಗೂ ಲಿಂಗವಂತರ ಓಣಿಗೂ ನಡುವ ಒಂದ ಗಟಾರ. ಸಣ್ಣ ಹುಡುಗ ಜಿಗಿದ್ರೂ ದಾಟ್ತಿತ್ತು. ಯಾರೂ ಜಿಗೀತಿರಲಿಲ್ಲ.

ಊರೂರ ಮಂದಿನ್ನ ಒಯ್ದ ಮಾನಮೋಡಿ ಜ್ವರಾ ಬಂದ ವರ್ಷ ಗಿರಣಿ ಭೋಂಗಾ ಊದೂದು ಊದತಿತ್ತು, ಒಳಗ ಹೋಗಾಕ ಮಂದಿ ಇರಲಿಲ್ಲ. ನಮ್ಮ ಚೊಚ್ಚಲ ಕೂಸು ಆ ಜ್ವರದಾಗ ಹೋತು. ಪಾದ್ರಿ ಬಂದು ತಲಿ ಮ್ಯಾಲ ನೀರ ಹಾಕಿ ಹೆಸರ ಇಡೂ ಮೊದಲ ಹೋತು. ಹೆಂಡ್ತಿ ಅಳಲಿಲ್ಲ. ಎದಿಹಾಲಿಗೆ ಕುಬಸಾ ತೊಯ್ತಿತ್ತು, ಹಿತ್ತಲಕ್ಕ ಹೋಗಿ ಹಿಂಡಿ ಬರ್ತಿದ್ಲು.

ಗಟಾರದ ಆಚೀಕಡೆ ಮೂಡಲಗಿಯಿಂದ ಬಂದ ಗಂಡ ಹೆಂಡ್ತಿ ಇದ್ರು. ಗಂಡಂದೂ ನಂದೂ ಒಂದ ಪಾಳಿ. ನೂಲು ಹರದ್ರ ಜೋಡಸೂದು ನಮ್ಮಿಬ್ಬರ ಕೆಲಸ, ದಿನಾಪೂರ್ತಿ ಗಂಟ ಹಾಕೂದು. ಅಂವ ಸತ್ತ, ಹಿಂದಿಂದ ಅಕಿನೂ ಸತ್ಲು. ಇಬ್ಬರನ್ನೂ ಮಣ್ಣ ಮಾಡಿ ಬಂದ್ರು, ತೊಟ್ಟಲದಾಗಿನ ಹೆಣ್ಣಕೂಸಿನ ಕಡೆ ಯಾರೂ ಹೊಳ್ಳಿ ನೋಡಲಿಲ್ಲ. ತಾಯಿ ತಂದಿನ್ನ ನುಂಗಿದ ಕೂಸು ಅಂತ ಬಾಗಲದಾಗ ನಿಂತ ಮಾತಾಡಿದ್ರು. ಒಳಗ ಅದು ಒದರಾಕತ್ತಿತ್ತು.

ನನ್ನ ಹೆಂಡ್ತಿ ಗಟಾರ ಜಿಗದ್ಲು.

"ಏ, ಏನ್ ಮಾಡಾಕತ್ತಿ? ನಿನ್ನ ಜಾತಿ ಏನು, ಆ ಕೂಸಿನ ಜಾತಿ ಏನು!" ಅಂತ ಬಾಜೂ ಮನಿ ಮುದಕಿ ಚೀರಿದ್ಲು.

"ಹಾಲ ನನ್ನ ಹಂತ್ಯಾಕ ಅದಾವು. ನಿನ್ನ ಹಂತ್ಯಾಕ ಇದ್ರ ನೀ ಕುಡಸಬೇ" ಅಂದು, ಕೂಸನ್ನ ಎದಿಗೆ ಹಚ್ಚಿಕೊಂಡ ಮನಿಗೆ ತಂದ್ಲು.

ಆಮ್ಯಾಲ ಕೂಸಿನ ಕಾಕಾ, ಸತ್ತಂವನ ತಮ್ಮ, ಮೂಡಲಗಿಯಿಂದ ಚಕ್ಕಡಿ ಹೊಡಕೊಂಡ ಬಂದ. ಕೊಪ್ಪರಿಗಿ ಹೇರಿದ. ಬೀಸೂ ಕಲ್ಲ ಹೇರಿದ. ಆಕಳನ್ನ ಹಿಂದ ಕಟ್ಟಿದ. ತೊಟ್ಟಲ ಹಗ್ಗಾನೂ ಬಿಡಲಿಲ್ಲ.

"ಕೂಸೋ, ಯಪ್ಪಾ?" ಅಂತ ಕೇಳಿದೆ.

"ಮನ್ಯಾಗ ಹೆಂಡ್ತಿ ಒಲ್ಲೆ ಅಂತಾಳ. ಹಡದವರನ್ನ ನುಂಗಿದ್ದು ನಮ್ಮನ್ನ ಬಿಡ್ತೈತೇನು? ಮ್ಯಾಲ ನಿಮ್ಮ ಹಾಲ ಕುಡದೈತಿ, ಮೈಲಿಗಿ ಆಗೈತಿ."

ಕೂಸಿನ ಕೊಳ್ಳಾಗ ಲಿಂಗಾ ಇತ್ತು, ಕೆಂಪ ಅರಿವ್ಯಾಗ ಸುತ್ತಿ ದಾರಾ ಕಟ್ಟಿದ್ದು. ಅದರ ಕಡೆ ಕೈ ಚಾಚಿದ, ಹಿಂದಕ್ಕ ತಗೊಂಡ. ಲಿಂಗವಂತರಾಗ ಹುಟ್ಟಿದ ಕೂಸಿಗೆ ಕಟ್ಟಿದ್ರ ಸಾಯೂ ಮಟಾ ತಗಿಯೂದಿಲ್ಲ, ಮಣ್ಣಾಗ ಹೋಗೂದೂ ಅದರ ಜೋಡಿನ. ನಮ್ಮ ಓಣಿ ಹುಡುಗರಿಗೂ ಇದು ಗೊತ್ತು. ನನ್ನ ಹೆಂಡ್ತಿ ಜಳಕಾ ಹಾಕೂವಾಗ ಅದನ್ನ ಒಂದ ಕೈಲೆ ಎತ್ತಿ ಹಿಡಕೊಂಡು ಇನ್ನೊಂದ ಕೈಲೆ ನೀರ ಹಾಕ್ತಿದ್ಲು.

ಕೂಸು ಉಳೀತು. ಮಾರಿ ತುಂಬ್ತು. ನಮ್ಮ ಮಗಳು ಅಂತ ಎಲ್ಲಾರ ಮುಂದ ಹೇಳಿ ನೀರ ಹಾಕಸೂಣು ಅಂದ್ಲು ಹೆಂಡ್ತಿ. ಹುಕ್ಕೇರಿ ಕಡೆಯಿಂದ ಕುದರಿ ಮ್ಯಾಲ ಬರೂ ಪಾದ್ರಿ ಒಂದ ಐತಾರ ಗೊತ್ತ ಮಾಡಿದ್ರು. ಸುದ್ದಿ ಮೂಡಲಗಿಗೂ ಹೋತು.

ಆ ಐತಾರ ಪ್ರಾರ್ಥನಿ ಮನಿಗೆ ಹೋದ್ವಿ. ಪಾದ್ರಿ ಕೂಸಿನ ಕೊಳ್ಳ ನೋಡಿದ್ರು.

"ಮೊದಲ ಆ ಕಲ್ಲ ತಗೀರಿ. ಎರಡ ದೋಣ್ಯಾಗ ಕಾಲಿಟ್ಟ ಕೂಸಿಗೆ ನಾ ನೀರ ಹಾಕೂದಿಲ್ಲ."

ಅಷ್ಟರಾಗ ಹೊರಗ ಗದ್ದಲಾ. ಕಾಕಾ ಬಂದಿದ್ದ, ಜೋಡಿ ಊರ ಮಂದಿ, ಒಬ್ಬ ಮುದುಕ ಅಯ್ಯಾರು. ಲಿಂಗಾ ಕಟ್ಟೂದು, ಮದಿವಿ ಮಾಡೂದು ಎಲ್ಲಾ ಇಂಥ ಅಯ್ಯಾರ ಕೈಲೆನ. ಕಾಕಾ ಬಾಗಲದಾಗ ನಿಂತ ಒದರಿದ.

"ನಮ್ಮ ಲಿಂಗಾ ಕಿರಿಸ್ತಾಂವರ ಮನ್ಯಾಗ ಇರಬಾರದಲೇ! ಊರಾಗ ತಲಿ ಎತ್ತಿ ತಿರಗದಂಗ ಆಗೈತಿ. ಬಿಚ್ಚಿ ಕೊಡು. ಆಮ್ಯಾಲ ಕೂಸನ್ನ ಏನರ ಮಾಡ್ಕೋ."

ಪಾದ್ರಿ ಮಾರಿ ಅರಳ್ತು. "ನೋಡಪ್ಪಾ, ಅವ್ರೂ ಅದನ್ನ ಅಂತಾರ. ಜಗಳ ಹರೀತು. ಬಿಚ್ಚಿ ಕೊಡು."

ಪಾದ್ರಿ ಮತ್ತ ಲಿಂಗವಂತ್ರು ಕೂಡಿ ಒಂದ ಮಾತ ಆಡಿದ್ದು ನಾ ಹುಟ್ಟಿದಾಗಿಂದ ಕೇಳಿರಲಿಲ್ಲ. ಹೆಂಡ್ತಿ ನನ್ನ ತೋಳ ಹಿಡದ್ಲು. "ಕೊಟ್ಟ ಬಿಡ್ರಿ. ನಮ್ಮ ಕೂಸು ನೀರ ಬೀಳದನ ಹೋತು. ಇದೂ ಹಂಗ ಹೋದ್ರ ನಾ ಏನ್ ಮಾಡ್ಲಿ?"

ಬಿಚ್ಚೂಣು ಅಂತನ ಕೈ ಹಾಕಿದೆ. ಕೂಸಿನ ಕುತಗಿ ಹಿಂದ ಗಂಟು ಕೈಗೆ ಸಿಕ್ತು. ದಾರಾ ಗಿರಣಿ ನೂಲು, ಹೊಸದು ಹುರಿ ಮಾಡಿದ್ದು. ಗಂಟು ನಮ್ಮ ಗಿರಣಿ ಗಂಟು. ನೂಲು ಹರದಾಗ ನಾವು ಹಾಕೂದು, ಸಣ್ಣದು, ಜಾರೂದಿಲ್ಲ, ಎಳದಷ್ಟು ಬಿಗೀತೈತಿ. ಅದನ್ನ ಬಿಚ್ಚಾಕ ಬರೂದಿಲ್ಲ, ಕತ್ತರಿಸಬೇಕು. ಮೂಡಲಗ್ಯಾಗ ಇದನ್ನ ಹಾಕಾಕ ಯಾರಿಗೂ ಬರೂದಿಲ್ಲ. ಹಾಕಿದಂವ ನನ್ನ ಬಾಜೂ ನಿಂತ ಕೆಲಸಾ ಮಾಡಿದಂವ. ಅಯ್ಯಾರು ಕಟ್ಟಿ ಹೋದ ಮ್ಯಾಲ, ಮಗಳ ಕೊಳ್ಳಿಗೆ ಗಟ್ಟಿ ಇರ್ಲಿ ಅಂತ ದಾರಾ ಬದಲಿಸಿ ಹಾಕಿ ಹೋಗ್ಯಾನ.

ಕೈ ತಗದೆ.

"ಬಿಚ್ಚೂದಿಲ್ಲ."

"ಏನಂದಿ?" ಅಂದ ಕಾಕಾ.

"ಕೊಪ್ಪರಿಗಿ ಒಯ್ದಿ. ಆಕಳ ಒಯ್ದಿ. ತೊಟ್ಟಲ ಹಗ್ಗಾನೂ ಒಯ್ದಿ. ಹಡದವ್ರು ಕೊಟ್ಟದ್ದು ಅಂತ ಅಕಿ ಹಂತ್ಯಾಕ ಇದೊಂದ ಉಳದೈತಿ. ಬಿಚ್ಚೂದಿಲ್ಲ."

ಮ್ಯಾಲಿನ ಜಾತಿಯವ್ರ ಜೋಡಿ 'ರಿ' ಹಚ್ಚದ ಮಾತಾಡಿದ್ದು ಅವತ್ತ ಮೊದಲು. ಮಂದಿ ಮ್ಯಾಲ ಬಿದ್ರು. "ಲಿಂಗಾ ಕೊಡದಿದ್ರ ಕೂಸ ಕೊಡಲೇ! ಕೂಸು ನಮ್ಮದು!"

ಹೆಂಡ್ತಿ ಕೈಯಾಗಿನ ಕೂಸನ್ನ ಕಸಗೊಂಡೆ. ಅಕಿ ಚೀರಿದ್ಲು. ಕಾಕಾನ ಎದಿ ಮುಂದ ಹಿಡದೆ. "ತಗೋ."

ಅಂವ ತಗೊಳ್ಳೂದಿಲ್ಲ ಅಂತ ನನಗ ಗೊತ್ತಿತ್ತು ಅಂದ್ರ ಸುಳ್ಳಾಗ್ತೈತಿ. ಆದ್ರ ಅಂವ ಒಂದ ಹೆಜ್ಜಿ ಹಿಂದ ಸರದ.

"ಕಿರಿಸ್ತಾಂವರ ಹಾಲ ಕುಡದ ಕೂಸು... ಮೈಲಿಗಿ..."

ಅಯ್ಯಾರು ಕೈಯಾಗಿನ ಬಡಗಿ ನೆಲಕ್ಕ ಕುಟ್ಟಿದ್ರು. "ಲಿಂಗಾ ಇದ್ದವರಿಗೆ ಎಲ್ಲಿ ಮೈಲಿಗಿಲೇ? ಸೂತಕ ಇಲ್ಲ, ಮೈಲಿಗಿ ಇಲ್ಲ ಅಂತ ಹೇಳಿ ಹೇಳಿ ನನ್ನ ಹಲ್ಲ ಉದರಿದ್ವು! ಕೊಳ್ಳಾಗ ಲಿಂಗಾ ಐತಿಲ್ಲೋ? ಹಿಡಿ ಕೂಸನ್ನ."

ಕಾಕಾ ಎರಡೂ ಕೈ ಬೆನ್ನ ಹಿಂದ ಒಯ್ದ. "ಮನ್ಯಾಗ ಒಂದ ಮಾತ ಕೇಳಿ ಬರ್ತೇನ್ರಿ, ಅಜ್ಜಾರ."

"ಕೇಳಿ ಬಾ ಹೋಗು. ಬೀಸೂ ಕಲ್ಲನ್ನೂ ಕೇಳೇ ಹೇರಿದ್ದೇನು?" ಅಂತ ಅವ್ರ ಮಂದ್ಯಾಗನ ಯಾರೋ ಅಂದ್ರು. ನಗಿ ಎದ್ತು. ಅಯ್ಯಾರು ಕೂಸನ್ನ ನೋಡಿದ್ರು. ನನ್ನ ನೋಡಲಿಲ್ಲ. ಬಡಗಿ ಊರ್ಕೋತ ಹೊಂಟ್ರು, ಹಿಂದಿಂದ ಎಲ್ಲಾರೂ ಹೋದ್ರು. ಕಾಕಾ ಇನ್ನೂ ಮನ್ಯಾಗ ಕೇಳಾಕತ್ತಾನ.

"ಈಗರ ತಗಿ, ನೀರ ಹಾಕ್ತೇನಿ" ಅಂದ್ರು ಪಾದ್ರಿ.

"ಇಲ್ರಿ."

"ಹಂಗಾರ ನೀರಿಲ್ಲ."

"ಏಸಪ್ಪ ಹುಡುಗರನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡಾಗ ಕೊಳ್ಳ ತಪಾಸ ಮಾಡಿದ್ನೇನ್ರಿ?"

"ನೀ ನನಗ ಕಲಸ್ತೀ?"

"ನೀವು ಕಲಿಸಿದ್ದನ್ನ ಹೇಳಿದೆ."

ಹೆಂಡ್ತಿ ಭಾಳ ದಿನಾ ಕೂಸನ್ನ ನನ್ನ ಕೈಗೆ ಕೊಡಲಿಲ್ಲ. ಕೂಸನ್ನ ಪಣಕ್ಕ ಹಚ್ಚಿದಿ ಅಂದ್ಲು. ಖರೆ, ಹಚ್ಚಿದ್ದೆ. ಆದ್ರ ದಿನಾ ಸಂಜಿಕ ಅಕಿ ಕೂಸಿನ ತಲಿ ಮ್ಯಾಲ ಕೈಯಿಟ್ಟ ಪ್ರಾರ್ಥನಿ ಮಾಡ್ತಿದ್ಲು. "ನೀರ ಇಲ್ಲದಿದ್ರ ಇಲ್ಲ. ನೀನ ಹಿಡಕೋ ಇಕಿನ್ನ, ದೇವರ." ಈಗೂ ಮಾಡ್ತಾಳ.

ನಮಗ ಪ್ರಾರ್ಥನಿ ಮನ್ಯಾಗ ಏಸಪ್ಪನ ನೆನಪಿಗೆ ಹಂಚೂ ಪ್ರಭುವಿನ ರೊಟ್ಟಿ ಕೊಡೂದ ಬಿಟ್ಟಾರ. ಹಿಂದ ಕುಂದ್ರಸ್ತಾರ. ಒಂದ ಐತಾರನೂ ನಾವು ತಪ್ಪಿಸಿಲ್ಲ. ಹಿಂದ ಕುಂತ್ರ ದನಿ ಎತ್ತಿ ಹಾಡಬೇಕಾಗ್ತೈತಿ, ಹಾಡ್ತೇವಿ. ನಾ ಕಿರಿಸ್ತಾಂವ, ಸಾಯೂ ಮಟಾ ಕಿರಿಸ್ತಾಂವ. ಮಗಳು ದೊಡ್ಡಾಕಿ ಆದ ಮ್ಯಾಲ ನೀರ ಹಾಕಿಸ್ಕೋತಾಳೋ, ಲಿಂಗಾ ಇಟಗೋತಾಳೋ, ಅಕಿನ್ನ ಕೇಳ್ರಿ. ನನ್ನ ಕೇಳಬ್ಯಾಡ್ರಿ.

ಈಗ ಓಡ್ತಾಳ, ಗಟಾರ ಜಿಗೀತಾಳ. ಮೊನ್ನೆ ದಾರಾ ಕುತಗಿಗೆ ಬಿಗ್ಯಾಕತ್ತಿತ್ತು. ಗಿರಣಿಯಿಂದ ನೂಲು ತಂದು ಹುರಿ ಮಾಡಿದೆ. ಕತ್ತರಿ ಹಿಡದದ್ದ ನೋಡಿ ಓಣಿ ಮಂದಿ ಕೂಡಿದ್ರು. ಪಾದ್ರಿಗೆ ಒಬ್ಬ ಹೇಳಾಕೂ ಹ್ವಾದ, "ತಗಿಯಾಕತ್ತಾನ" ಅಂತ. ಅವರಪ್ಪ ಹಾಕಿದ ಗಂಟು ಬಿಟ್ಟು ಬಾಜೂಕ ಕತ್ತರಿಸಿದೆ. ನಡುವ ಹೊಸಾ ನೂಲು ಇಟ್ಟ ಎರಡೂ ಕಡೆ ಗಿರಣಿ ಗಂಟ ಹಾಕಿದೆ, ಹಲ್ಲಿಲೆ ಕಡದ ಎಳದೆ. ಈಗ ಆ ದಾರದಾಗ ಮೂರು ಗಂಟು ಅದಾವು. ಒಂದು ಅವರಪ್ಪಂದು, ಎರಡು ನಂದು.

ಬಿಚ್ಚಾಕ ಬರ್ತೈತೇನು, ಬಂದು ನೋಡ್ರಿ.