ಸಮುದ್ರ ಇಂಡಿಯ ಮನೆಯಲ್ಲಿ, ನಾನು ಮುದ್ದೇಬಿಹಾಳದಲ್ಲಿ

ಸೆಪ್ಟೆಂಬರ್ 7, 2025, ಭಾನುವಾರ, ಬೆಳಿಗ್ಗೆ ಹತ್ತೂವರೆ. ಇಂಡಿ ಪಟ್ಟಣದ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಚಾದರ ಹಾಸಿ, ಅದರ ಮೇಲೆ ಒಂದು ಪಾರದರ್ಶಕ ಕೊಳವೆ, ಎರಡು ಚಿಕ್ಕ ಪಂಪು, ಗ್ಯಾಸಿನ ವಾಲ್ವು, ಕಂಟ್ರೋಲರ್ ಡಬ್ಬಿ ಮತ್ತು ಪೆನ್ನಿನ ಗಾತ್ರದ ಒಂದು ಪ್ರೋಬು, ಇಷ್ಟನ್ನು ಸಾಲಾಗಿ ಇಟ್ಟುಕೊಂಡು ಕೆಲಸ ಶುರು ಮಾಡಿದೆ. ಅಡುಗೆಮನೆಯಿಂದ ಬಂದ ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇವತ್ತ ರಾತ್ರಿ ಗ್ರಹಣ ಐತಿ. ಹೊಸಾ ಕೆಲಸ ಇವತ್ತೇ ಹಿಡೀಬೇಕೇನು?"

"ಹದಿನೈದಕ್ಕ ನಾ ಹೋಗಾಕ ಬೇಕು. ಮತ್ಯಾವಾಗ ಹಿಡೀಲಿ ಹೇಳು?" ಎಂದೆ.

ಹದಿನೈದನೇ ತಾರೀಖು ನಾನು ಮುದ್ದೇಬಿಹಾಳದ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಅಲ್ಲೇ ಒಂದು ಕೋಣೆ ಹಿಡಿದಾಗಿತ್ತು. ಮನೆಗೆ ಬರುವುದು ಭಾನುವಾರ ಮತ್ತು ರಜೆಯ ದಿನ ಮಾತ್ರ. ಕೆಲಸ ಸಿಕ್ಕ ಖುಷಿಯ ಜೊತೆಗೆ ನನಗಿದ್ದ ಒಂದೇ ಚಿಂತೆಯೆಂದರೆ ಪಡಸಾಲೆಯ ಗೋಡೆಗೆ ಹತ್ತಿಕೊಂಡಿದ್ದ ನಾಲ್ಕು ಅಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ.

ಅದರಲ್ಲಿ ಎರಡು ಕಿತ್ತಳೆ ಪಟ್ಟೆಯ ಮೀನು, ಒಂದು ಸೀಗಡಿ, ಮತ್ತು ಆರು ಹವಳಗಳಿದ್ದವು. ಸಮುದ್ರದಿಂದ ಕಿತ್ತು ತಂದ ಹವಳಗಳಲ್ಲ. ಟ್ಯಾಂಕಿನಲ್ಲೇ ಬೆಳೆಸಿ ತುಂಡು ಮಾಡಿ, ಕಾಗದಪತ್ರದ ಸಮೇತ ಮಾರುವ ತಳಿ. ಹವಳ ನೋಡಲು ಗಿಡದಂತಿದ್ದರೂ ಪ್ರಾಣಿ. ನೀರಿನಲ್ಲಿರುವ ಕ್ಯಾಲ್ಸಿಯಂನಿಂದ ತನ್ನ ಎಲುಬನ್ನು ಕಟ್ಟಿಕೊಳ್ಳುತ್ತದೆ. ಅದು ತೆಗೆದುಕೊಂಡಷ್ಟನ್ನು ದಿನವೂ ನೀರಿಗೆ ತುಂಬಿಕೊಡಬೇಕು. ಮೂರು ವರ್ಷ ಬೆಳಿಗ್ಗೆ ಮತ್ತು ಸಂಜೆ ನಾನೇ ಎರಡು ಬಾಟಲಿಗಳಿಂದ ಅಳೆದು ಹಾಕುತ್ತಿದ್ದೆ. ಇನ್ನು ಮುಂದೆ ಹಾಕುವವರು ಯಾರು? ಅವ್ವನಿಗೆ ಕಲಿಸಲು ಹೋದರೆ, "ಇಷ್ಟ ವರ್ಷ ಸಾರಿಗೆ ಉಪ್ಪು ಅಳದು ಹಾಕಿದಾಕಿ ಅಲ್ಲ ನಾ. ಮಿಲಿ ಗಿಲಿ ಅಂತ ಅಂಜಸಬ್ಯಾಡ" ಎಂದು ಕೈ ತೊಳೆದುಕೊಂಡಳು.

ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಕೊಳವೆಬಾವಿಯ ಮೋಟಾರು ಸುಟ್ಟವರೆಲ್ಲ ಅವರ ಹತ್ತಿರ ಬರುತ್ತಾರೆ. ಮಾತು ಕಡಿಮೆ, ಆಡಿದರೆ ಕಟ್ಟುನಿಟ್ಟು. "ಸೊಲ್ಲಾಪುರದವರು ಒಬ್ರು ಕೇಳಾಕತ್ತಾರ, ಟ್ಯಾಂಕ ಸಮೇತ ಒಯ್ತಾರಂತ" ಎಂದರು. "ದಸರಾ ತನಕ ನೋಡೂಣು. ನೀ ಇಲ್ಲದ ನಡೀತು, ಇರ್ಲಿ. ನಡೀಲಿಲ್ಲ, ಕೊಟ್ಟುಬಿಡೂಣು. ಜೀವ ಇರೂ ವಸ್ತು, ಕಣ್ಣ ಮುಂದ ಸಾಯೂದು ಬ್ಯಾಡ."

ನಾನಿಲ್ಲದೆ ನಡೆಯಬೇಕೆಂದರೆ ಇದ್ದ ದಾರಿ ಒಂದೇ, ತಾನಾಗಿಯೇ ನಡೆಯುವ ಕ್ಯಾಲ್ಸಿಯಂ ರಿಯಾಕ್ಟರ್. ಹೆಸರು ದೊಡ್ಡದು, ತತ್ವ ಸರಳ. ಕೊಳವೆಯಲ್ಲಿ ಸತ್ತ ಹವಳದ ಹರಳು ತುಂಬುತ್ತಾರೆ. ಟ್ಯಾಂಕಿನ ನೀರು ಅದರೊಳಗೆ ಸುತ್ತುತ್ತದೆ. ಸೋಡಾಕ್ಕೆ ತುಂಬುವ ಗ್ಯಾಸನ್ನೇ ಅದಕ್ಕೆ ಗುಳ್ಳೆ ಗುಳ್ಳೆಯಾಗಿ ಬಿಟ್ಟರೆ ನೀರು ಹುಳಿಯಾಗಿ ಹರಳು ಕರಗಿ ಅದರ ಕ್ಯಾಲ್ಸಿಯಂ ನೀರಿಗೆ ಸೇರುತ್ತದೆ. ಆ ನೀರು ಹನಿ ಹನಿಯಾಗಿ ಒಂದು ಬಟ್ಟಲಿಗೆ ಬಿದ್ದು, ಅಲ್ಲಿಂದ ಟ್ಯಾಂಕಿಗೆ ಇಳಿಯುತ್ತದೆ. ಬಟ್ಟಲಲ್ಲಿ ನಿಂತಿರುವ ಪ್ರೋಬು ಹುಳಿಯನ್ನು ಅಳೆದು ಕಂಟ್ರೋಲರಿಗೆ ಹೇಳುತ್ತದೆ. ಅಳತೆಯ ಹೆಸರು ಪಿಎಚ್. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ನಾನು ಇಟ್ಟ ಗುರಿ 6.6. ಅದಕ್ಕಿಂತ ಮೇಲೆ ಹೋದರೆ ಗ್ಯಾಸ್ ತೆರೆಯುತ್ತದೆ, ಗುರಿ ಮುಟ್ಟಿದರೆ ಮುಚ್ಚುತ್ತದೆ.

ಗ್ಯಾಸಿಗೆ ಮರುದಿನ ಸಿಂದಗಿಗೆ ಹೋದೆ. ಅಲ್ಲಿ ಸೋಡಾ ತಯಾರಿಸುವ ಮೌಲಾ ಕಾಕಾ ಅಪ್ಪನ ಹಳೆಯ ಗಿರಾಕಿ. ನನ್ನ ಚಿಕ್ಕ ಸಿಲಿಂಡರನ್ನು ತಿರುಗಿಸಿ ನೋಡಿ, "ಮೀನಿಗೆ ಸೋಡಾ ಕುಡಸ್ತೀಯೇನವಾ?" ಎಂದರು.

"ಮೀನಿಗಲ್ರಿ ಕಾಕಾ, ಕಲ್ಲಿಗೆ."

"ಕಲ್ಲಿಗೂ ಅಜೀರ್ಣ ಆಗೂ ಕಾಲ ಬಂತು ಅನ್ನು" ಎನ್ನುತ್ತ ತುಂಬಿಕೊಟ್ಟರು.

ಸಂಜೆ ಅಪ್ಪ ಅಂಗಡಿಯಿಂದ ಬಂದವರು ಯಾರೂ ಕರೆಯದೆ ಚಾದರದ ಮೇಲೆ ಕೂತರು. ಸೈಕಲ್ ಪಂಪಿನಿಂದ ಕೊಳವೆಗೆ ಗಾಳಿ ತುಂಬಿ, ಜೋಡಣೆಗಳಿಗೆಲ್ಲ ಸಾಬೂನಿನ ನೊರೆ ಸವರಿ, ಕನ್ನಡಕ ಹಾಕಿಕೊಂಡು ನೋಡಿದರು. ಒಂದು ಕಡೆ ಗುಳ್ಳೆ ಎದ್ದಿತು. ಬಿಚ್ಚಿ ಮತ್ತೆ ಕೂಡಿಸಿದರು. "ನಿನ್ನ ಆಟ ಇದ್ರೂ ಸೋರಬಾರದು ನೋಡು" ಎಂದಷ್ಟೇ ಹೇಳಿ ಊಟಕ್ಕೆ ಎದ್ದರು.

ಎಂಟನೇ ತಾರೀಖು ರಾತ್ರಿ ಊಟದ ಹೊತ್ತಿಗೆ ಮೊದಲ ಹನಿ ಬಟ್ಟಲಿಗೆ ಬಿತ್ತು. ಮೊದಲ ಎರಡು ದಿನ ಟ್ಯಾಂಕಿನ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂನಿಂದ 405ಕ್ಕೆ ಇಳಿಯಿತು. ಹನಿಯನ್ನು ಸ್ವಲ್ಪ ಜೋರು ಮಾಡಿದೆ. ಹನ್ನೊಂದರಿಂದ ಹದಿನಾಲ್ಕರವರೆಗೆ ನಾನು ಬಾಟಲಿಯನ್ನೇ ಮುಟ್ಟಲಿಲ್ಲ; ಅಳತೆ 420ಕ್ಕೆ ಏರಿ ಅಲ್ಲೇ ನಿಂತಿತು. ಹೊರಡುವಾಗ ಅವ್ವನಿಗೆ ಎರಡೇ ಮಾತು ಹೇಳಿದೆ: ಯಾವ ಸ್ವಿಚ್ಚನ್ನೂ ಬಂದ್ ಮಾಡಬೇಡ, ಈ ಪ್ರೋಬಿನ ತುದಿ ಒಣಗಲು ಬಿಡಬೇಡ, ಒಣಗಿದರೆ ಅದು ಸತ್ತಂತೆ. "ಆತು, ಎರಡ ಮಾತು ನೆನಪಿಡ್ತೇನಿ" ಎಂದಳು.

ಮುಂದಿನ ಎರಡು ಭಾನುವಾರ ಬಂದು ನೋಡಿದಾಗಲೂ ಎಲ್ಲ ಸರಿಯಾಗಿತ್ತು. ನಾನು ಗೆದ್ದೆನೆಂದೇ ಅಂದುಕೊಂಡಿದ್ದೆ.

ಅಕ್ಟೋಬರ್ 1, ಬುಧವಾರ, ಮಹಾನವಮಿ. ನಮ್ಮ ಕಡೆ ಅಂದು ಖಂಡೇಪೂಜೆ. ದುಡಿಯುವ ಆಯುಧಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು ಪೂಜಿಸುತ್ತಾರೆ. ಪೂಜೆಗಿಟ್ಟ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೆ ಎತ್ತುವುದಿಲ್ಲ. ನಾನು ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ, ವಿಜಯಪುರ ದಾಟಿ ಮನೆ ಮುಟ್ಟಿದಾಗ ಸಂಜೆ ನಾಲ್ಕೂವರೆ. ಬಸ್ಸುಗಳಿಗೆಲ್ಲ ಚೆಂಡುಹೂವಿನ ಮಾಲೆ. ಮನೆಯಲ್ಲಿ ಊದಿನಕಡ್ಡಿಯ ವಾಸನೆ. ಪಡಸಾಲೆಯಲ್ಲಿ ಹಲಗೆಯ ಮೇಲೆ ಕೆಂಪು ಬಟ್ಟೆ ಹಾಸಿ ಅಪ್ಪನ ಪಾನಾ, ಇಕ್ಕಳ, ಟೆಸ್ಟರ್, ಅಂಗಡಿಯಿಂದ ತಂದ ಒಂದು ಹೊಸ ಕೂಲರ್ ಪಂಪು, ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ ಇಟ್ಟಿದ್ದರು.

ಚಪ್ಪಲಿ ಬಿಡುತ್ತಲೇ ಕಣ್ಣು ಟ್ಯಾಂಕಿನ ಕಡೆ ಹೋಯಿತು. ಎರಡೂ ಮೀನುಗಳು ನೀರಿನ ಮೇಲ್ಮಟ್ಟಕ್ಕೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿದ್ದವು. ಹವಳಗಳೆಲ್ಲ ಮುದುಡಿ, ಮೈಮೇಲೆ ಲೋಳೆ ಬಿಟ್ಟಿದ್ದವು. ಒಂದೊಂದಾಗಿ ಏಳಬೇಕಾದ ಗ್ಯಾಸಿನ ಗುಳ್ಳೆಗಳು ಎಡೆಬಿಡದೆ ಹರಿಯುತ್ತಿದ್ದವು. ಕಂಟ್ರೋಲರಿನಲ್ಲಿ 7.8 ಎಂದಿತ್ತು. ಬಟ್ಟಲು ನೋಡಿದರೆ ಪ್ರೋಬು ಇಲ್ಲ. ಅದರ ವೈರು ಹಿಡಿದುಕೊಂಡು ಹೋದರೆ ಅದು ಪೂಜೆಯ ಹಲಗೆಗೆ ಮುಟ್ಟಿತು. ಹಿತ್ತಾಳೆಯ ತಂಬಿಗೆಯ ನೀರಿನಲ್ಲಿ, ಕುತ್ತಿಗೆಗೆ ಒಂದು ಚೆಂಡುಹೂವು ಕಟ್ಟಿಸಿಕೊಂಡು ನನ್ನ ಪ್ರೋಬು ನಿಂತಿತ್ತು.

"ಅವ್ವಾ, ಇದನ್ನ ಯಾವಾಗ ತಗದಿ?"

"ಮುಂಜಾನಿ, ಪೂಜಿ ಹೊತ್ತಿಗೆ. ನಿಮ್ಮಪ್ಪನ ಆಯುಧ ಎಲ್ಲಾ ಇಟ್ಟು ನಿಂದೊಂದು ಬಿಟ್ರ ಹೆಂಗ? ಹೊಸಾ ನೌಕರಿ ಹಿಡದಾಕಿ. ಸ್ವಿಚ್ ಒಂದೂ ಬಂದ್ ಮಾಡಿಲ್ಲ ನಾ. ತುದಿ ಒಣಗಬಾರದಂದಿದ್ದಿ, ಅದಕ್ಕ ತಂಬಿಗಿಯೊಳಗ ಇಟ್ಟೇನಿ." ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕ, ಏನಾತು?"

ಅವಳು ನನ್ನ ಎರಡೂ ಮಾತನ್ನು ಅಕ್ಷರಶಃ ನಡೆಸಿಕೊಟ್ಟಿದ್ದಳು. ತಂಬಿಗೆಯಲ್ಲಿದ್ದದ್ದು ಕುಡಿಯುವ ನೀರು. ಅದು ಎಂದಿಗೂ ಹುಳಿಯಾಗುವುದಿಲ್ಲ. ಇನ್ನೂ ಹುಳಿ ಬಂದಿಲ್ಲವೆಂದು ಪ್ರೋಬು ಹೇಳುತ್ತಲೇ ಇತ್ತು, ಕಂಟ್ರೋಲರ್ ಬೆಳಗಿನಿಂದ ಗ್ಯಾಸ್ ಬಿಡುತ್ತಲೇ ಇತ್ತು. ಪ್ರೋಬನ್ನು ತೊಳೆದು ಟ್ಯಾಂಕಿಗೆ ಹಿಡಿದೆ. 8.2 ಇರಬೇಕಾದ ನೀರು 7.2ಕ್ಕೆ ಬಂದಿತ್ತು.

ಸಿಲಿಂಡರ್ ಬಂದ್ ಮಾಡಿದೆ, ಹನಿ ನಿಲ್ಲಿಸಿದೆ, ಕಿಟಕಿ ಬಾಗಿಲು ತೆರೆದು ಫ್ಯಾನನ್ನು ನೀರಿನ ಕಡೆ ತಿರುಗಿಸಿದೆ. ನೀರಿನಲ್ಲಿ ಸೇರಿದ ಗ್ಯಾಸು ಗಾಳಿಗೆ ಹೋಗಬೇಕಾದರೆ ನೀರನ್ನು ಎತ್ತಿ ಎತ್ತಿ ಸುರಿಯಬೇಕು. ನನ್ನ ಚಿಕ್ಕ ಪಂಪುಗಳಿಗೆ ಆ ಶಕ್ತಿ ಇರಲಿಲ್ಲ. ಒಂದು ಮೀನು ಮಗ್ಗುಲಾಗಿ ತೇಲತೊಡಗಿತು. ನಾನು ಹಲಗೆಯ ಮೇಲಿನ ಕೂಲರ್ ಪಂಪನ್ನು ನೋಡಿದೆ. ಆಮೇಲೆ ಅಪ್ಪನನ್ನು ನೋಡಿದೆ.

"ಪೂಜಿಗಿಟ್ಟದ್ದು ಇವತ್ತ ಎತ್ತೂದಿಲ್ಲ" ಎಂದರು ಅಪ್ಪ. "ನಮ್ಮಪ್ಪನ ಕಾಲದಿಂದ ಎತ್ತಿಲ್ಲ. ಯಾರರೆ ಮನ್ಯಾಗ ಕೇಳೂಣು ತಡಿ."

"ಇವತ್ತ ಯಾರ ಮನ್ಯಾಗ ಕೇಳಿದ್ರೂ ಪೂಜಿಗಿಟ್ಟಿರ್ತಾರ" ಎಂದಳು ಅವ್ವ. ಹಲಗೆಯ ಮುಂದೆ ಕೂತು, ಕೈ ಮುಗಿದು, ತುಟಿಯಲ್ಲೇ ಏನೋ ಹೇಳಿಕೊಂಡಳು. ನಂತರ ತಾನೇ ಎರಡು ಕೈಯಿಂದ ಪಂಪನ್ನು ಎತ್ತಿದಳು. "ನಾ ಇಟ್ಟೇನಿ, ನಾನೇ ಎತ್ತೇನಿ. ಸಿಟ್ಟು ಬಂದ್ರ ನನ್ನ ಮ್ಯಾಲ ಬರ್ಲಿ. ಕುಂಕುಮ ತೊಳದು ಕೊಡ್ತೇನಿ, ನೀ ಹಚ್ಚು."

ಅಪ್ಪ ಒಳಗಿನಿಂದ ಸ್ಟೂಲ್ ತಂದು ಅದರ ಮೇಲೆ ಹತ್ತಿ, "ಪೈಪ ಇತ್ತ ಕೊಡು. ನೀ ಹಿಡದ್ರ ನೀರೆಲ್ಲ ಗ್ವಾಡಿಗೆ ಹೋಗ್ತೈತಿ" ಎಂದರು.

ಅವರು ಎತ್ತರದಿಂದ ನೀರು ಸುರಿಸುತ್ತಿದ್ದರು. ಅವ್ವ ನೆಲಕ್ಕೆ ಸಿಡಿದದ್ದನ್ನು ಹಳೆಯ ಸೀರೆಯಿಂದ ಒರೆಸುತ್ತಿದ್ದಳು. ನಾನು ಕಾಲು ಗಂಟೆಗೊಮ್ಮೆ ಅಳತೆ ಕೂಗುತ್ತಿದ್ದೆ. 7.3. 7.4. ಆರು ಗಂಟೆಗೆ 7.6. ಆಗ ಮಗ್ಗುಲಾಗಿದ್ದ ಮೀನು ನೆಟ್ಟಗಾಗಿ ಕೆಳಕ್ಕೆ ಇಳಿಯಿತು.

"ಹ್ವಾದ ಜೀವ ಬಂತು" ಎಂದಳು ಅವ್ವ.

"ಮುಂದಿನ ವರ್ಷ ಈ ಡಬ್ಬಿಗೆ ದೂರ ನಿಂತು ಕೈ ಮುಗಿ ಮಾರಾಯ್ತಿ" ಎಂದರು ಸ್ಟೂಲಿನ ಮೇಲಿದ್ದ ಅಪ್ಪ.

"ನೀವು ಪೈಪ ಸರಿ ಹಿಡೀರಿ ಮೊದಲ."

ಏಳೂವರೆಗೆ 7.9. ಸೀಗಡಿ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಆರು ಹವಳಗಳಲ್ಲಿ ಐದು ಅರಳಿದ್ದವು. ಸಂಜೆ ಬನ್ನಿ ಕೊಡಲು ಜನ ಬರುವ ಹೊತ್ತಿಗೆ ಆರನೆಯದೂ ಅರಳಿತು.

ಆದರೆ ದಸರಾ ಬಂದಾಗಿತ್ತು, ಅಪ್ಪ ಕೊಟ್ಟ ಗಡುವು ಮುಗಿದಿತ್ತು. ನಾನಿಲ್ಲದ ಹೊತ್ತಿನಲ್ಲೇ ಎಲ್ಲ ಕೆಟ್ಟಿತ್ತು. ಇನ್ನು ಟ್ಯಾಂಕು ಸೊಲ್ಲಾಪುರಕ್ಕೆ ಹೋಗುವುದೇ ಎಂದುಕೊಂಡು ನಾನಾಗಿಯೇ ಮಾತು ತೆಗೆದೆ. ಅಪ್ಪ ತಲೆಯಾಡಿಸಿದರು.

"ಮಷೀನ ಸೋತಿಲ್ಲ. ಆ ಪ್ರೋಬು ಬ್ಯಾರೆ ಜಾಗಾದಾಗ ಕುಂತು ಖರೇನೇ ಹೇಳೈತಿ. ಒಬ್ಬನ ಮಾತು ಕೇಳಿ ಗ್ಯಾಸ ಬಿಡೂದು ತಪ್ಪು."

ಅದೇ ಮಾತನ್ನು ನಾನೂ ರಾತ್ರಿಯಿಡೀ ಯೋಚಿಸಿದ್ದೆ. ಭಾನುವಾರದೊಳಗೆ ಇಬ್ಬರೂ ಕೂಡಿ ಮೂರು ಬದಲಾವಣೆ ಮಾಡಿದೆವು. ಟ್ಯಾಂಕಿನೊಳಗೇ ಇನ್ನೊಂದು ಪ್ರೋಬು ಇಟ್ಟೆ. ಟ್ಯಾಂಕಿನ ನೀರು 7.9ಕ್ಕೆ ಇಳಿದರೆ ಮೊದಲ ಪ್ರೋಬು ಏನೇ ಹೇಳಲಿ ಗ್ಯಾಸ್ ಬಂದ್. ಅಪ್ಪ ಅಂಗಡಿಯ ಸ್ಟಾರ್ಟರ್ ಪೆಟ್ಟಿಗೆಯಿಂದ ಒಂದು ಟೈಮರ್ ತಂದು ಕೂಡಿಸಿದರು. ಗ್ಯಾಸು ಒಮ್ಮೆ ತೆರೆದರೆ ಐದು ನಿಮಿಷಕ್ಕಿಂತ ಹೆಚ್ಚು ತೆರೆದಿರುವಂತಿಲ್ಲ. ಪ್ರೋಬನ್ನು ಬಟ್ಟಲಿಗೆ ಕ್ಲಿಪ್ಪು ಹಾಕಿ ಬಿಗಿದೆವು. ಕುಂಕುಮ ಹಚ್ಚಲು ಕೊಳವೆಯ ಹೊರಮೈ ಪೂರ್ತಿ ಅವ್ವನಿಗೆ ಬಿಟ್ಟದ್ದು.

ಆಮೇಲೆ ಅಪ್ಪ ಹೊಸ ಶರತ್ತು ಹಾಕಿದರು. "ದೀಪಾವಳಿ ತನಕ ನೀ ಈ ಕಡೆ ಮುಖ ಹಾಕಬ್ಯಾಡ. ಅದು ಒಂದ ನಡೀಲಿ."

"ಮಗಳಿಗೆ ಮನಿಗೆ ಬರಬ್ಯಾಡ ಅಂತಾರೇನ್ರಿ?" ಎಂದು ಅವ್ವ ಜಗಳಕ್ಕೆ ನಿಂತಳು. ನಾನು ಒಪ್ಪಿಕೊಂಡೆ.

ಎರಡು ಭಾನುವಾರ ಮುದ್ದೇಬಿಹಾಳದ ಕೋಣೆಯಲ್ಲೇ ಉಳಿದೆ. ಅವ್ವ ದಿನವೂ ಕಂಟ್ರೋಲರಿನ ಫೋಟೋ ಕಳಿಸುತ್ತಿದ್ದಳು. ಕೆಲವು ಅಲುಗಿರುತ್ತಿದ್ದವು, ಒಂದರಲ್ಲಿ ಅವಳ ಹೆಬ್ಬೆರಳು ಮಾತ್ರ ಇತ್ತು. ಒಂದು ದಿನ ಮಳೆ ಗಾಳಿಗೆ ಮಧ್ಯಾಹ್ನವೆಲ್ಲ ಕರೆಂಟು ಹೋಯಿತು. ನಾನು ಗಳಿಗೆಗೊಮ್ಮೆ ಫೋನ್ ನೋಡುತ್ತಿದ್ದೆ. ಸಂಜೆ ಅಪ್ಪನೇ ಫೋನ್ ಮಾಡಿ, "ಕರೆಂಟ ಹೋದಕೂಡ್ಲೆ ವಾಲ್ವು ತಾನ ಮುಚ್ಚಿತ್ತು, ಬಂದಮ್ಯಾಲ ತಾನ ಹತ್ತಿತು. ನೀ ನಿನ್ನ ಕೆಲಸ ನೋಡು" ಎಂದರು. ಅವರು ಆ ಯಂತ್ರದ ಬಗ್ಗೆ ತಾವಾಗಿಯೇ ಫೋನ್ ಮಾಡಿದ್ದು ಅದೇ ಮೊದಲು.

ಅಕ್ಟೋಬರ್ 20ರಂದು ಮನೆಗೆ ಬಂದೆ. ಬಾಗಿಲಲ್ಲಿ ಅವ್ವ ಆರತಿ ತಟ್ಟೆ ಸಿದ್ಧ ಮಾಡುತ್ತಿದ್ದಳು. ನಾನು ಚೀಲ ಇಟ್ಟು ಮೊದಲು ನೀರು ಅಳೆದೆ. ಕ್ಯಾಲ್ಸಿಯಂ 420. ಟ್ಯಾಂಕಿನ ಪಿಎಚ್ 8.2. ಹಸಿರು ಹವಳದ ಉದ್ದನೆಯ ಕೊಂಬೆಗೆ ಸ್ಕೇಲು ಹಿಡಿದೆ. ಸೆಪ್ಟೆಂಬರ್ ಏಳರಂದು ಮೂವತ್ತೊಂದು ಮಿಲಿಮೀಟರ್ ಇದ್ದದ್ದು ಮೂವತ್ತಾರಾಗಿತ್ತು. ಅದರ ತುದಿಯಲ್ಲಿ ಹೊಸ ಎಲುಬಿನ ಬಿಳಿ ಚುಕ್ಕಿ ಇತ್ತು. ಅದನ್ನು ಕಟ್ಟುವಾಗ ನಾನು ಅಲ್ಲಿ ಇರಲಿಲ್ಲ.

ಅಷ್ಟರಲ್ಲಿ ಸೊಲ್ಲಾಪುರದವರ ಫೋನ್ ಬಂತು. ಅಪ್ಪ ನನ್ನ ಎದುರಿಗೇ ಮಾತಾಡಿದರು. "ಇಲ್ರಿ, ಕೊಡೂದಿಲ್ರಿ. ಮಗಳು ಊರಾಗ ಇಲ್ಲ ಖರೇ, ಆದ್ರ ನಡದೈತ್ರಿ. ಬೇಕಾದ್ರ ನೋಡಾಕ ಬರ್ರಿ, ಚಹಾ ಕುಡದ ಹೋಗ್ರಿ." ಫೋನ್ ಇಟ್ಟು ನನ್ನ ಕಡೆ ನೋಡದೆ ಎಣ್ಣೆ ಸ್ನಾನಕ್ಕೆ ಹೋದರು.

ಇದನ್ನು ಮುದ್ದೇಬಿಹಾಳದಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ವಾಲ್ವು ತೆರೆಯುತ್ತಿದೆ, ಮುಚ್ಚುತ್ತಿದೆ. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದಾಗಲೂ ಇಷ್ಟು ಹೆಮ್ಮೆ ಆಗಿರಲಿಲ್ಲ. ಆದರೂ ಒಂದು ಯೋಚನೆ ಉಳಿದಿದೆ. ಪ್ರೋಬು ಕೆಟ್ಟರೆ, ಕರೆಂಟು ಹೋದರೆ, ಗ್ಯಾಸು ಮುಗಿದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿದ್ದೆ. ಪ್ರೀತಿಯಿಂದ ಎತ್ತಿ ಪೂಜೆಗಿಟ್ಟರೆ ಏನಾಗುತ್ತದೆ ಎಂಬುದು ಮಾತ್ರ ತಲೆಗೆ ಬಂದಿರಲಿಲ್ಲ. ಇಂಥ ಯಂತ್ರವನ್ನು ಮನೆಯವರ ಕೈಗೆ ಬಿಟ್ಟು ಬೇರೆ ಊರಿನಲ್ಲಿ ದುಡಿಯುವ ಓದುಗರು ಯಾರಾದರೂ ಇದ್ದರೆ, ನಾನಿನ್ನೂ ಊಹಿಸದ ಎಡವಟ್ಟು ಯಾವುದೆಂದು ದಯವಿಟ್ಟು ಬರೆದು ತಿಳಿಸಿ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದಾಗ ಬೆಳಗಿನ ಜಾವ ಟ್ಯಾಂಕಿನ ಪಿಎಚ್ ಸ್ವಲ್ಪ ಇಳಿಯುತ್ತಿದೆ. ಅದಕ್ಕೆ ಉಪಾಯ ಗೊತ್ತಿದ್ದವರೂ ಬರೆಯಿರಿ. ಅವ್ವನಿಗೂ ಓದಿ ಹೇಳುತ್ತೇನೆ.